ಹುಲುಗಪ್ಪ ಧೂಳು ಕೂಡಿಟ್ಟದ್ದು

ಯಾವ ಯಂತ್ರವೇ ಆಗಲಿ, ಮೊದಲು ಕೆಲಸ ಮಾಡುತ್ತದೆ, ಆಮೇಲೆ ಬಂದದ್ದನ್ನು ಬುಟ್ಟಿಗೆ ಸುರಿಯುತ್ತದೆ. ಆ ಕಾಲದಲ್ಲಿ ಎಲ್ಲರೂ ಹೀಗೇ ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ. ಗಿರಣಿಯಲ್ಲಿ ಜೋಳ ಮೊದಲು ಬೀಳುತ್ತದೆ, ಹಿಟ್ಟು ಆಮೇಲೆ ಬರುತ್ತದೆ. ಕ್ರಷರಿನಲ್ಲಿ ಬಂಡೆ ಮೊದಲು ಬೀಳುತ್ತದೆ, ಜಲ್ಲಿ ಆಮೇಲೆ ಬರುತ್ತದೆ. ಓದಿದವರು, ಓದದವರು, ಕಲ್ಲು ಒಡೆಯುವವರು, ಒಡೆಸುವವರು, ಎಲ್ಲರೂ ಒಪ್ಪಿದ್ದ ಮಾತು ಆ ಊರಿನಲ್ಲಿ ಇದೊಂದೇ.

ಊರು ಕರೇಗುಡ್ಡ. ಗುಡ್ಡದಲ್ಲಿ ಕ್ರಷರು, ಕ್ರಷರಿನ ಬುಡದಲ್ಲಿ ಕಾಲನಿ. ಕಾಲನಿ ಎಂದರೆ ತಗಡಿನ ಎರಡು ಸಾಲು. ಅಲ್ಲಿ ದುರುಗವ್ವ ಎಂಬ ವಿಧವೆ ಇದ್ದಳು. ಅವಳ ಗಂಡ ಕೆಮ್ಮಿ ಕೆಮ್ಮಿ ಸತ್ತಿದ್ದ. ಕ್ರಷರಿನ ಧಣಿಯ ಕಡೆಯವರು ಬೀಡಿಯಿಂದ ಸತ್ತ ಎಂದರು. ಅವನು ಬೀಡಿ ಸೇದುತ್ತಿರಲಿಲ್ಲ, ಆದರೆ ಅದನ್ನು ಹೇಳಲು ಅವನು ಇರಲಿಲ್ಲ. ಈಗ ದುರುಗವ್ವ ಅದೇ ಜಾಗದಲ್ಲಿ ನಿಂತು ಅದೇ ಜಲ್ಲಿ ತುಂಬುತ್ತಿದ್ದಳು. ಅವಳೂ ಕೆಮ್ಮುತ್ತಿದ್ದಳು.

ಅವಳಿಗೆ ಒಬ್ಬ ಮಗ, ಹುಲುಗಪ್ಪ. ಮಗ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಇದಕ್ಕಿಂತ ದೊಡ್ಡ ಪೆದ್ದತನ ಲೋಕದಲ್ಲಿ ಇಲ್ಲ.

ಚಿಕ್ಕವನಿದ್ದಾಗ ಒಮ್ಮೆ ಅವ್ವ ಅಂದಳು, ಅನ್ನ ಉಕ್ಕುತ್ತದೆ, ನೋಡುತ್ತಾ ಕೂತಿರು. ಅವನು ಕೂತ. ಅನ್ನ ಉಕ್ಕಿತು, ಒಲೆ ಆರಿತು, ಗಂಜಿ ಹರಿದು ಅಂಗಳಕ್ಕೆ ಬಂತು. ಅವ್ವ ಬಂದು ಕೇಳಿದಳು, ನೋಡಲಿಲ್ಲವೇನೋ?

"ನೋಡಿದೆವ್ವ," ಅಂದ. "ಉಕ್ಕಿತು. ಎಲ್ಲಾ ಉಕ್ಕಿತು."

"ನಿನ್ನ ತಲ್ಯಾಗ ಏನೈತೋ?"

ಹುಲುಗಪ್ಪ ತಲೆ ಮುಟ್ಟಿ ನೋಡಿಕೊಂಡ. "ಧೂಳು ಇರಬೇಕವ್ವ. ಎಲ್ಲಾರ ತಲ್ಯಾಗೂ ಐತಿ."

ದೊಡ್ಡವನಾದ ಮೇಲೆ ಕ್ರಷರಿಗೆ ಹೋದ. ಕಲ್ಲು ಸಾಗಿಸುವ ಬೆಲ್ಟಿನ ಮೇಲೆ ಕಣ್ಣಿಡು ಎಂದು ಯಾರೋ ಹೇಳಿದರು. ಅವನು ಬಗ್ಗಿ ಬೆಲ್ಟಿಗೆ ಕಣ್ಣು ತಾಗಿಸಲು ಹೋದ. ಕಲ್ಲಿನ ಚೂರು ಒಂದು ಹುಬ್ಬನ್ನು ಕಿತ್ತುಕೊಂಡು ಹೋಯಿತು. ಕಣ್ಣು ಉಳಿಯಿತು, ಕೆಲಸ ಉಳಿಯಲಿಲ್ಲ. ಆಮೇಲೆ ಅವನು ಮನೆಯ ಮುಂದೆ ಕೂತು, ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದ.

ಹೇಳಲು ಗವಿಸಿದ್ದಪ್ಪ ಮಾಸ್ತರು ಬಂದರು. ಮಾಸ್ತರು ಪೇಟೆಯ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವವರು. ಒಳ್ಳೆಯವರು. ಕಾಲನಿಯ ಹೆಂಗಸರನ್ನು ಕರೆದುಕೊಂಡು ಜಿಲ್ಲೆಯ ಸಾಹೇಬರ ಹತ್ತಿರ ಹೋಗಿ, ಕ್ರಷರನ್ನು ಕಾಲನಿಯಿಂದ ದೂರ ಸರಿಸಿರಿ, ಕಾಯಿಲೆ ಬಿದ್ದವರಿಗೆ ಧಣಿಯ ಖರ್ಚಿನಲ್ಲಿ ಔಷಧ ಕೊಡಿಸಿರಿ ಎಂದು ಕೇಳಿದ್ದರು. ಸಾಹೇಬರು ಕೆಮ್ಮನ್ನು ಕೇಳಿಸಿಕೊಂಡರು. ಕೆಮ್ಮು ಸಾಕ್ಷಿಯಲ್ಲ ಎಂದರು. ಗಾಳಿಯಲ್ಲಿ ಧೂಳು ಎಷ್ಟಿದೆ ಎಂದು ಒಂದು ತಿಂಗಳು ಸತತ ಅಳೆದ ಅಂಕಿ ತನ್ನಿ, ಕಾನೂನಿನ ಗೆರೆ ನೂರು, ತಿಂಗಳೆಲ್ಲ ನೂರರ ಮೇಲಿದ್ದರೆ ನಾನು ಆರ್ಡರ್ ಮಾಡುತ್ತೇನೆ ಎಂದರು. ಮಳೆ ಬಿದ್ದ ಮೇಲೆ ಧೂಳು ಕೂರುತ್ತದೆ. ಆದ್ದರಿಂದ ಮಳೆಗಿಂತ ಮುಂಚೆ ತನ್ನಿ ಎಂದೂ ಹೇಳಿದರು.

ಆಗಷ್ಟೇ ದೀಪಾವಳಿ ಮುಗಿದಿತ್ತು. ಮಳೆ ದೂರವಿತ್ತು.

ಮಾಸ್ತರು ಕಾಲನಿಯ ಶಾಲೆಯ ಮಾಡಿನ ಮೇಲೆ ಧೂಳು ಅಳೆಯುವ ಒಂದು ಪೆಟ್ಟಿಗೆ ಕೂರಿಸಿದರು. ಅದರಿಂದ ವೈರ್ ಇಳಿಸಿ, ಒಳಗೆ ಒಂದು ಹಳೆಯ ಕಂಪ್ಯೂಟರ್ ಇಟ್ಟರು. ಅದರಲ್ಲಿ ಲಿನಕ್ಸ್. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ. ಗೆರೆಯ ಮುಂದೆ ಆದೇಶ ಹೊಡೆದರೆ ಶೆಲ್ ಎಂಬುದು ಅದನ್ನು ಓದಿ ಕೆಲಸ ಮಾಡಿಸುತ್ತದೆ. ಸಂಜೆ dhoolu ಎಂದು ಹೊಡೆದರೆ ಆ ದಿನದ ಧೂಳಿನ ಅಂಕಿ ಬರುತ್ತದೆ. ಮರುದಿನಕ್ಕೆ ಪೆಟ್ಟಿಗೆ ಅದನ್ನು ಮರೆಯುತ್ತದೆ. ಆದ್ದರಿಂದ ದಿನವೂ ಒಬ್ಬ ಬೇಕು.

ಹುಲುಗಪ್ಪ ಖಾಲಿ ಇದ್ದ. ಇಂಗ್ಲಿಷ್ ಅಕ್ಷರ ಗುರುತಿಸುತ್ತಿದ್ದ. ಮಾಸ್ತರು ಅವನೇ ಸಾಕು ಎಂದರು.

"ಇವಗ ಕೊಡಬ್ಯಾಡ್ರಿ ಸರ," ದುರುಗವ್ವ ಅಂದಳು. "ಇವಾ ಹೇಳಿದಂಗ ಮಾಡ್ತಾನ."

"ನನಗ ಬೇಕಾದ್ದೂ ಅದ, ದುರುಗವ್ವ. ಬುದ್ಧಿ ಇದ್ದಾವ ಆದ್ರ ನಡುವ ತನ್ನದೇನರ ಸೇರಸ್ತಾನ."

ಮಾಸ್ತರು ಹುಲುಗಪ್ಪನನ್ನು ಕೂರಿಸಿ ಹೇಳಿದರು. ಸಂಜೆ ಆದೇಶ ಹೊಡಿ, ಪರದೆಯ ಮೇಲೆ ಅಂಕಿ ಬರುತ್ತದೆ, ಬಂದದ್ದನ್ನು ಜೋಪಾನವಾಗಿ ಇಡು, ನಾನು ಬರುವ ತನಕ ಯಾರೂ ಮುಟ್ಟಬಾರದು.

ಹುಲುಗಪ್ಪ ಸಂಜೆ ಹೊಡೆದ. ಪರದೆಯ ಮೇಲೆ 412 ಎಂದು ಬಂತು. ಅವನು ಮನೆಗೆ ಓಡಿ ಅವ್ವನ ಕೌದಿ ತಂದು ಪರದೆಗೆ ಹೊದಿಸಿದ. ನಾಲ್ಕೂ ಕಡೆ ಸಿಗಿಸಿದ. ಶಾಲೆಯ ಬಾಗಿಲಿಗೆ ಬೀಗ ಹಾಕಿದ. ಮೆಟ್ಟಿಲ ಮೇಲೆ ಬಡಿಗೆ ಹಿಡಿದು ಕೂತ. ಊಟಕ್ಕೆ ಬಾ ಎಂದರೆ ಬರಲಿಲ್ಲ. ಮಕ್ಕಳನ್ನು ಒಳಗೆ ಬಿಡಲಿಲ್ಲ. ದುರುಗವ್ವ ಕೌದಿ ಇಲ್ಲದೆ ಚಳಿಗೆ ಕೆಮ್ಮುತ್ತಾ ಮಲಗಿದಳು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಹುಲುಗಪ್ಪ ಅಲ್ಲೇ ಕೂತಿದ್ದ.

ಮಾಸ್ತರು ಹದಿನೈದು ದಿನಕ್ಕೊಮ್ಮೆ ಬರುವವರು. ಬಂದು ಕೌದಿ ಎತ್ತಿದರು. ಪರದೆ ಕಪ್ಪಗಿತ್ತು.

ಇಲ್ಲೇ ಇತ್ತು ಸರ, ನಾ ಎಲ್ಲಿಗೂ ಬಿಟ್ಟಿಲ್ಲ ಅಂದ ಹುಲುಗಪ್ಪ. ಕೌದಿ ಝಾಡಿಸಿಯೂ ನೋಡಿದ. ಬರೀ ಧೂಳು ಬಿತ್ತು.

ಮಾಸ್ತರು ಬೈದರು. ಬೈದು ಹೇಳಿಕೊಟ್ಟರು. "ಪರದೆ ಮ್ಯಾಲೆ ಇದ್ದದ್ದು ಇದ್ದಂಗಲ್ಲ. ಫೈಲಿನ್ಯಾಗ ಇದ್ರ ಐತಿ, ಇಲ್ಲಂದ್ರ ಇಲ್ಲ. ಇನ್ನ ಮ್ಯಾಲೆ ಪರದೆ ಕಡೆ ನೋಡಲೂಬ್ಯಾಡ." ಆದೇಶದ ಮುಂದೆ ಒಂದು ಬಾಣದ ಗುರುತು, ಬಾಣದ ಮುಂದೆ ಫೈಲಿನ ಹೆಸರು. ಅಂಕಿ ಪರದೆಗೆ ಹೋಗದೆ ನೇರ ಫೈಲಿಗೆ ಹೋಗುತ್ತದೆ. ಒಂದೇ ಫೈಲು, ಅದರ ಹೆಸರು lekka. ದಿನಾ ಹೀಗೆ ಹೊಡಿ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು.

dhoolu > lekka

ಹುಲುಗಪ್ಪ ದಿನಾ ಹಾಗೇ ಹೊಡೆದ. ಒಂದು ಸಂಜೆಯೂ ತಪ್ಪಿಸಲಿಲ್ಲ. ತಿಂಗಳು ಮುಗಿಯಿತು. ಮಾಸ್ತರು ಸಾಹೇಬರನ್ನು ಜೀಪಿನಲ್ಲಿ ಕರೆತಂದರು. ಸಾಹೇಬರ ಹಿಂದೆ ಕ್ರಷರಿನ ರೈಟರ್ ಪಂಪನಗೌಡ ಬಂದು ಬಾಗಿಲಿಗೆ ಒರಗಿ ನಿಂತ. ಧಣಿಯ ಲೆಕ್ಕಪತ್ರವೆಲ್ಲ ಅವನ ಕೈಯಲ್ಲಿ. ಯಾರೂ ಕರೆಯದಿದ್ದರೂ ಎಲ್ಲ ಕಡೆ ಬರುವ ಮನುಷ್ಯ.

ಮಾಸ್ತರು ಫೈಲು ತೆರೆದರು. ಒಂದೇ ಸಾಲು ಇತ್ತು. 38.

ಹಿಂದಿನ ದಿನ ಅಮಾವಾಸ್ಯೆ. ಆ ಸೀಮೆಯಲ್ಲಿ ಅಮಾವಾಸ್ಯೆಯ ದಿನ ಕಲ್ಲಿನ ಕೆಲಸ ಇಲ್ಲ. ಯಂತ್ರ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಎಲ್ಲರೂ ಮನೆಗೆ ಹೋಗುತ್ತಾರೆ. ತಿಂಗಳಿಗೆ ಒಂದು ದಿನ ಕರೇಗುಡ್ಡದಲ್ಲಿ ಆಕಾಶ ನೀಲಿ ಇರುತ್ತದೆ. ಫೈಲಿನಲ್ಲಿ ಉಳಿದದ್ದು ಆ ಒಂದು ದಿನ.

"ಗಾಳಿ ಚೊಲೋ ಐತ್ರಿ ಸಾಹೇಬ್ರ," ಪಂಪನಗೌಡ ಅಂದ. "ಪ್ಯಾಟಿ ರೋಗಿಗಳನ್ನ ಇಲ್ಲಿಗೇ ಕಳಸ್ರಿ."

ಸಾಹೇಬರು ನಗಲಿಲ್ಲ. ಪೂರ್ತಿ ತಿಂಗಳು ಎಂದಿದ್ದೆ ಎಂದು ಹೇಳಿ ಜೀಪು ಹತ್ತಿದರು.

ಮಾಸ್ತರು ಬೈದರು. ತಪ್ಪು ತಮ್ಮದೂ ಇತ್ತು, ಆದ್ದರಿಂದ ಇನ್ನೂ ಜೋರಾಗಿ ಬೈದರು. ಒಂದು ಬಾಣ ಹಾಕಿದರೆ ಹಳೆಯದು ಹೋಗಿ ಹೊಸದು ಬಂದು ಕೂರುತ್ತದೆ. ಎರಡು ಬಾಣ ಹಾಕಿದರೆ ಹಳೆಯದು ಹಾಗೇ ಇದ್ದು, ಹೊಸದು ಅದರ ಕೆಳಗೆ ಸೇರುತ್ತದೆ. ಗೋಡೆಯ ಮೇಲೆ ಇನ್ನೊಂದು ಬಾಣ ಸೇರಿಸಿದರು. "ಹಳೇದನ್ನ ತಗೀಬ್ಯಾಡ. ಹಳೇದು ಹಳೇದರ ಜಾಗದಾಗ, ಹೊಸದು ಅದರ ಕೂಡ. ಇನ್ನ ಮ್ಯಾಲೆ ಯಾವಾಗ್ಲೂ ಎರಡು ಬಾಣ. ತಿಳೀತಾ?"

ತಿಳೀತ್ರಿ ಅಂದ ಹುಲುಗಪ್ಪ. ಮನೆಗೆ ಹೋದ. ನಿನ್ನೆಯ ಅಂಬಲಿ ಚೆಲ್ಲಿ ಗಡಿಗೆ ತೊಳೆದು ಹೊಸದು ಹಾಕಿಡು ಎಂದು ದುರುಗವ್ವ ಹೇಳಿ ಹೋಗಿದ್ದಳು. ಅವನು ಚೆಲ್ಲಲಿಲ್ಲ, ತೊಳೆಯಲಿಲ್ಲ. ಹಳೆಯದರ ಮೇಲೆ ಹೊಸದನ್ನು ಸುರಿದ. ಮರುದಿನ ಅದರ ಮೇಲೆ ಇನ್ನೊಂದು ದಿನದ್ದು. ಮನೆಯೆಲ್ಲ ಹುಳಿ ವಾಸನೆ.

ಏನೋ ಇದು ಎಂದಳು ಅವ್ವ. ಹೇಳಿದಂಗ ಮಾಡೀನಿ ಎಂದ ಮಗ. ಬೇರೆ ಏನೂ ಇರಲಿಲ್ಲವಾದ್ದರಿಂದ ದುರುಗವ್ವ ಅದನ್ನೇ ಮೂಗು ಹಿಡಿದು ಕುಡಿದು ಕೆಲಸಕ್ಕೆ ಹೋದಳು.

ಫೈಲಿನಲ್ಲಿ ಮಾತ್ರ ಅಂಕಿಯ ಕೆಳಗೆ ಅಂಕಿ ಬೀಳತೊಡಗಿತು. 398. 431. 405. ಹತ್ತಾರು ದಿನ ಸರಿಯಾಗಿ ನಡೆಯಿತು.

ಆಮೇಲೆ ಒಂದು ದಿನ ಗುಡ್ಡದಲ್ಲಿ ಸಿಡಿಮದ್ದು ಇಟ್ಟರು. ಹಾರಿ ಬಂದ ಕಲ್ಲೊಂದು ಶಾಲೆಯ ಮಾಡಿಗೆ ಬಿದ್ದು ಪೆಟ್ಟಿಗೆಯ ವೈರನ್ನು ಕತ್ತರಿಸಿತು. ಯಾರಿಗೂ ತಿಳಿಯಲಿಲ್ಲ. ಕಂಪ್ಯೂಟರಿಗೆ ತಿಳಿಯಿತು. ಅಂದು ಸಂಜೆ ಹುಲುಗಪ್ಪ ಆದೇಶ ಹೊಡೆದಾಗ ಪೆಟ್ಟಿಗೆ ಸಿಗುತ್ತಿಲ್ಲ ಎಂದು ಅದು ಪರದೆಯ ಮೇಲೆ ಹೇಳಿತು. ಹುಲುಗಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಪರದೆ ನೋಡಬೇಡ ಎಂದಿದ್ದರಲ್ಲ. ಮರುದಿನವೂ ಅದು ಹೇಳಿತು. ಮರುದಿನವೂ ಅವನು ಗೋಡೆ ನೋಡಿದ. ಶಿವರಾತ್ರಿಯವರೆಗೆ ಹೀಗೇ ನಡೆಯಿತು. ನಡುವೆ ಮಾಸ್ತರಿಗೆ ಪರೀಕ್ಷೆಯ ಕೆಲಸ ಬಂದು ಬರಲಾಗಿರಲಿಲ್ಲ.

ಬಂದು ಫೈಲು ನೋಡಿದರು. ಅಂಕಿ ಅರ್ಧಕ್ಕೆ ನಿಂತಿತ್ತು.

"ದಿನಾ ಹೊಡೆದಿಲ್ಲೇನು?"

"ಹೊಡದೀನ್ರಿ. ಎರಡೂ ಬಾಣ ಹಾಕೀನ್ರಿ."

"ಮತ್ತ ಪರದೆ ಮ್ಯಾಲೆ ಏನೂ ಬರಲಿಲ್ಲೇನು?"

"ಬಂದಿರಬೇಕ್ರಿ. ನೀವು ನೋಡಬ್ಯಾಡ ಅಂದಿದ್ರಿ."

ಮಾಸ್ತರು ಮಾಡು ಹತ್ತಿ ನೋಡಿದರು. ಆಮೇಲೆ ವೈರ್ ಕಟ್ಟಿದರು. ಅಂಗಳದಲ್ಲಿ ನೆರೆದಿದ್ದ ಹೆಂಗಸರಿಗೂ ಕೇಳುವಂತೆ ವಿವರಿಸಿದರು. ಆದೇಶಕ್ಕೆ ಎರಡು ಬಾಯಿ. ಒಂದರಿಂದ ಉತ್ತರ ಬರುತ್ತದೆ, ಇನ್ನೊಂದರಿಂದ ದೂರು ಬರುತ್ತದೆ. ಬಾಣ ಹಾಕಿದರೆ ಉತ್ತರ ಮಾತ್ರ ಫೈಲಿಗೆ ಹೋಗುತ್ತದೆ. ದೂರು ಪರದೆಯ ಮೇಲೆ ಬಂದು ಹಾಗೇ ಹೋಗುತ್ತದೆ. ದೂರು ಫೈಲಿಗೆ ಹೋಗುವುದಿಲ್ಲ ಎಂಬುದು ಹೆಂಗಸರಿಗೆ ಹೊಸ ಸಂಗತಿಯಾಗಿರಲಿಲ್ಲ. ಹೋಗುವಂತೆ ಮಾಡಲು ಒಂದು ಗುರುತು ಇದೆ ಎಂಬುದು ಹೊಸದು. ಮಾಸ್ತರು ಗೋಡೆಯ ಮೇಲೆ ಅದನ್ನೂ ಬರೆದರು.

dhoolu >> lekka 2>&1

ಇನ್ನು ಉತ್ತರ ಬರಲಿ, ದೂರು ಬರಲಿ, ಎರಡೂ ಫೈಲಿಗೆ ಸೇರಲಿ, ಒಂದನ್ನೂ ಬಿಡಬೇಡ ಎಂದರು. ಫೈಲಿಗೆ ಸಾಲು ಸೇರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು echo ಎಂಬ ಇನ್ನೊಂದು ಆದೇಶ ತೋರಿಸಿದರು. ಅದರ ಮುಂದೆ ಏನು ಬರೆದರೂ ಅದು ಹಾಗೇ ಫೈಲಿಗೆ ಹೋಗುತ್ತದೆ. ತೋರಿಸಬಾರದಿತ್ತು.

ಮರುದಿನ ಹನುಮವ್ವ ಎಂಬಾಕೆ ಶಾಲೆಯ ಕಟ್ಟೆಗೆ ಬಂದು, ನನ್ನದೊಂದು ದೂರು ಐತಿ ಅಂದಳು. ಹುಲುಗಪ್ಪ ಬರೆದುಕೊಂಡ. ಅದರ ಮರುದಿನ ನಾಲ್ಕು ಜನ ಬಂದರು. ಆಮೇಲೆ ಕೆಲಸ ಬಿಟ್ಟ ಹೊತ್ತಿಗೆ ಶಾಲೆಯ ಮುಂದೆ ಸಾಲು ನಿಲ್ಲತೊಡಗಿತು. ಇಷ್ಟು ವರ್ಷ ಯಾರೂ ಬರೆದುಕೊಂಡಿರಲಿಲ್ಲ. ಹುಲುಗಪ್ಪ ಒಂದನ್ನೂ ಬಿಡಲಿಲ್ಲ.

ಯುಗಾದಿಯ ಹೊತ್ತಿಗೆ ಸಾಹೇಬರು ಮತ್ತೆ ಬಂದರು. ಪಂಪನಗೌಡನೂ ಬಂದ. ಈ ಸಲ ಫೈಲು ತುಂಬಿತ್ತು. ಸಾಹೇಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ನಾನೂರ ಇಪ್ಪತ್ತೇಳು. ಹನುಮವ್ವ, ಮಲಗಿದರೆ ಉಸಿರು ಬರೋದಿಲ್ಲ, ಕೂತೇ ನಿದ್ದೆ. ಮುನ್ನೂರ ತೊಂಬತ್ತು. ಈರಮ್ಮ, ಕೂಸು ಮೊಲೆ ಬಿಟ್ಟು ಕೆಮ್ಮತದ. ನಾನೂರ ನಲವತ್ತು. ಸಣ್ಣ ಹನುಮವ್ವ, ಗಂಡ ಬಡೀತಾನ." ಅವರು ನಿಲ್ಲಿಸಿದರು. "ಇದೇನು ಮಾಸ್ತರೇ?"

ಮಾಸ್ತರು ಹುಲುಗಪ್ಪನನ್ನು ನೋಡಿದರು.

"ಒಂದನ್ನೂ ಬಿಡಬ್ಯಾಡ ಅಂದಿದ್ರಿ," ಅಂದ ಹುಲುಗಪ್ಪ.

ಬೇಡದ ಸಾಲುಗಳನ್ನು ಈಗಲೇ ತೆಗೆದುಬಿಡುತ್ತೇನೆ ಎಂದು ಮಾಸ್ತರು ಮುಂದಾದರು. ಸಾಹೇಬರು ತಡೆದರು. ಕೈಯಿಂದ ಬರೆದದ್ದು ಒಳಗೆ ಹೋಗಿದೆ, ಈಗ ಕೈಯಿಂದ ತೆಗೆದದ್ದು ಹೊರಗೆ ಹೋಗುತ್ತದೆ. ನಡುವೆ ಉಳಿದ ಅಂಕಿಯನ್ನು ಕೈಯಿಂದ ಬರೆದಿಲ್ಲ ಎಂದು ಯಾರು ಹೇಳಬೇಕು? ಪಂಪನಗೌಡ ಹೌದ್ರಿ ಹೌದ್ರಿ ಎಂದ. ಸಾಹೇಬರ ಮಾತು ನ್ಯಾಯವಾಗಿಯೇ ಇತ್ತು. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ ಅಷ್ಟೆ. ಇನ್ನೊಂದು ತಿಂಗಳು, ಬರೀ ಅಂಕಿ, ಒಂದೇ ಫೈಲು, ಇದು ಕೊನೆಯ ಸಲ ಎಂದು ಹೇಳಿ ಅವರು ಹೋದರು. ಮಳೆಗೆ ಅಷ್ಟೇ ಸಮಯ ಉಳಿದಿತ್ತು.

ಮಾಸ್ತರು ಈ ಸಲವೂ ಬೈದರು.

"ಇನ್ನ ದೂರು ಫೈಲಿಗೆ ಬರಬಾರದು. ನನ್ನ ಕಿವಿಗೂ ಬರಬಾರದು. ದೂರು ಬಂತೋ, ಹೊಂಡಕ್ಕ ಹಾಕು."

ಕಂಪ್ಯೂಟರಿನಲ್ಲಿ ಅಂಥ ಒಂದು ಹೊಂಡವಿದೆ. ಅದರ ಹೆಸರು /dev/null. ಅದಕ್ಕೆ ತಳವಿಲ್ಲ. ಏನು ಹಾಕಿದರೂ ನುಂಗುತ್ತದೆ, ಏನೂ ಹೇಳುವುದಿಲ್ಲ, ಹಾಕಿದ್ದು ಮತ್ತೆ ಸಿಗುವುದಿಲ್ಲ. ಮಾಸ್ತರು ಹಳೆಯ ಫೈಲನ್ನು ತೆಗೆದುಹಾಕಿ, ಗೋಡೆಯ ಮೇಲಿನದನ್ನೆಲ್ಲ ಅಳಿಸಿ ಹೊಸದಾಗಿ ಬರೆದು ಹೋದರು.

ಹುಲುಗಪ್ಪ ಅದನ್ನು ಕಲಿತ. ಹನುಮವ್ವ ಕಟ್ಟೆಗೆ ಬಂದರೆ ಇಲ್ಲ ಎಂದು ವಾಪಸು ಕಳಿಸಿದ. ಅವಳು ತಿರುಗಿ ನಡೆದಳು. ವಾಪಸು ಹೋಗುವುದು ಅವಳಿಗೆ ಗೊತ್ತಿತ್ತು.

ಆ ವಾರ ದುರುಗವ್ವನ ಕೆಮ್ಮಿನಲ್ಲಿ ರಕ್ತ ಬಂತು. ಅವಳು ಸೆರಗಿನಲ್ಲಿ ಒರೆಸಿಕೊಂಡು ಮಗನನ್ನು ಕರೆದಳು. ನರ್ಸಮ್ಮನಿಗೆ ಹೇಳು, ರಕ್ತ ಬಿತ್ತು ಅಂತ ಹೇಳು, ಬಂದು ನೋಡಲಿ ಅಂದಳು.

ಹುಲುಗಪ್ಪ ಯೋಚಿಸಿದ. ಇದು ಉತ್ತರವಲ್ಲ. ಇದು ದೂರು.

ಕ್ರಷರಿನ ಹಿಂದೆ ಹಳೆಯ ಕ್ವಾರಿ ಇತ್ತು. ಕಲ್ಲು ತೆಗೆದು ತೆಗೆದು ಬಿಟ್ಟ ಗುಂಡಿ, ಹಸಿರು ನೀರು ನಿಂತಿತ್ತು. ಅದಕ್ಕೆ ತಳವಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಹುಲುಗಪ್ಪ ಅದರ ಅಂಚಿಗೆ ಹೋಗಿ ನಿಂತು, ಬಗ್ಗಿ, ನಮ್ಮವ್ವಗ ರಕ್ತ ಬಿತ್ತು ಎಂದು ಹೇಳಿದ. ಹೊಂಡ ಏನೂ ಹೇಳಲಿಲ್ಲ. ಮಾಸ್ತರು ಹೇಳಿದ ಹಾಗೇ ಇತ್ತು. ಅವನು ಸಮಾಧಾನದಿಂದ ಮನೆಗೆ ಬಂದ.

"ಹೇಳಿದ್ಯಾ?"

"ಹೇಳಿದೆ."

"ಏನಂದ್ಲು?"

"ಏನೂ ಅನ್ನಲಿಲ್ಲ."

ದುರುಗವ್ವ ಕಾದಳು. ಎರಡು ದಿನ ಬಿಟ್ಟು ಮತ್ತೆ ಕಳಿಸಿದಳು. ಅವನು ಮತ್ತೆ ಹೋಗಿ ಹೇಳಿ ಬಂದ. ನರ್ಸಮ್ಮನಿಗೆ ಸೊಕ್ಕು ಬಂದಿದೆ ಎಂದು ದುರುಗವ್ವ ಬೈದುಕೊಂಡಳು. ಪಾಪ, ನರ್ಸಮ್ಮ ಬೇರೆ ಕೆಲಸಕ್ಕೆ ಅದೇ ಓಣಿಯಲ್ಲಿ ದಿನಾ ಓಡಾಡುತ್ತಿದ್ದಳು.

ಕೊನೆಗೆ ಹನುಮವ್ವ ನೋಡಿದಳು. ಕಟ್ಟಿಗೆ ತರಲು ಹೋದವಳು, ಹುಲುಗಪ್ಪ ನೀರಿನ ಮುಂದೆ ಬಗ್ಗಿ ನಿಂತು ತಾಯಿಯ ಕಾಯಿಲೆಯನ್ನು ಹೇಳುತ್ತಿದ್ದುದನ್ನು ಕೇಳಿದಳು. ಅವಳೇ ದುರುಗವ್ವನನ್ನು ಬಸ್ಸಿನಲ್ಲಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಎದೆಯ ಫೋಟೋ ನೋಡಿ, ಬಹಳ ತಡವಾಯಿತು ಎಂದರು. ಒಂದು ತಿಂಗಳು ಮೊದಲು ಬಂದಿದ್ದರೆ ಏನು ಮಾಡುತ್ತಿದ್ದರು ಎಂದು ಹನುಮವ್ವ ಕೇಳಿದಳು. ಆಗಲೂ ಬಹಳ ಏನಿಲ್ಲ ಎಂದರು. ಪ್ರಾಮಾಣಿಕ ಮನುಷ್ಯ.

ಮನೆಗೆ ಬಂದ ಮೇಲೆ ದುರುಗವ್ವ ಮಗನಿಗೆ ಹೊಡೆಯಲಿಲ್ಲ. ತಲೆಯಲ್ಲಿ ಏನೈತಿ ಎಂದೂ ಕೇಳಲಿಲ್ಲ.

"ಆ ಅಂಕಿ ಅದಾವಿಲ್ಲೋ?" ಅಂದಳು.

"ಅದಾವವ್ವ. ದಿನಾ ಹಾಕೀನಿ."

"ನನಗ ತೋರಸು."

ತೋರಿಸುವುದು ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಂಕಿ ನೇರ ಫೈಲಿಗೆ ಹೋಗುತ್ತಿತ್ತು, ಪರದೆಯ ಮೇಲೆ ಬರುತ್ತಿರಲಿಲ್ಲ. ಮಾಸ್ತರು ಬಂದಾಗ ದುರುಗವ್ವನೇ ಕೇಳಿದಳು. ಮಾಸ್ತರು ಈ ಸಲ ಮೆತ್ತಗೆ ಹೇಳಿಕೊಟ್ಟರು. ಅದಕ್ಕೆ tee ಎಂಬ ಆದೇಶವಿದೆ. ನಳದ ಪೈಪಿಗೆ ಕವಲೊಡೆಯುವ ಟೀ ಹಾಕುತ್ತಾರಲ್ಲ, ಹಾಗೆ. ಬಂದದ್ದು ಒಂದು ಕಡೆ ಫೈಲಿಗೂ ಹೋಗುತ್ತದೆ, ಇನ್ನೊಂದು ಕಡೆ ಪರದೆಗೂ ಬರುತ್ತದೆ.

ಅಂದಿನಿಂದ ದುರುಗವ್ವ ಸಂಜೆ ಶಾಲೆಗೆ ಬಂದು ಕೌದಿ ಹೊದ್ದು ಕೂರುತ್ತಿದ್ದಳು. ಓದಲು ಬರುತ್ತಿರಲಿಲ್ಲ. ಮಗ ಓದಿ ಹೇಳುತ್ತಿದ್ದ. ನಾನೂರ ಹನ್ನೆರಡು ಎಂದರೆ ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು, ಹೌದು, ಇವತ್ತು ಅಷ್ಟು ಇತ್ತು ಎನ್ನುತ್ತಿದ್ದಳು. ಅಮಾವಾಸ್ಯೆಯ ದಿನ ನಲವತ್ತು ಎಂದಾಗ ಅದಕ್ಕೂ ಹೌದು ಎಂದಳು. ಗಂಡ ಬೀಡಿಯಿಂದ ಸಾಯಲಿಲ್ಲ ಎಂಬುದಕ್ಕೆ ಅವಳ ಹತ್ತಿರ ಇದ್ದದ್ದು ಇಷ್ಟೆ. ಆರ್ಡರ್ ಆದರೆ ಹನುಮವ್ವನ ಮನೆಯವರಾದರೂ, ಈರಮ್ಮನ ಕೂಸಾದರೂ ಉಳಿದಾರು ಎಂದು ಅವಳ ಲೆಕ್ಕ. ತನ್ನನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ತಿಂಗಳು ತುಂಬಿತು. ಫೈಲಿನಲ್ಲಿ ಸಾಲಿಗೆ ಒಂದು ಅಂಕಿ. ದೂರಿಲ್ಲ, ಖಾಲಿಯಿಲ್ಲ. ಅಮಾವಾಸ್ಯೆಯನ್ನು ರಜೆ ಎಂದು ಬಿಡುವುದಕ್ಕೂ ಸಾಹೇಬರು ಒಪ್ಪಿದ್ದರು. ಹುಲುಗಪ್ಪ ಜನ್ಮದಲ್ಲಿ ಮೊದಲ ಸಲ ಒಂದು ಕೆಲಸವನ್ನು ಸರಿಯಾಗಿ ಮುಗಿಸಿದ್ದ.

ಸಾಹೇಬರು ಬರುವ ದಿನ ಬೆಳಿಗ್ಗೆ ಮೋಡ ಕಟ್ಟಿತ್ತು. ದುರುಗವ್ವನಿಗೆ ಏಳಲು ಆಗುತ್ತಿರಲಿಲ್ಲ, ಆದರೂ ಇಬ್ಬರು ಹಿಡಿದುಕೊಂಡು ಬಂದು ಶಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಅಷ್ಟರಲ್ಲಿ ಮಾಸ್ತರ ಫೋನು ಬಂತು. ಅವರು ಸಾಹೇಬರ ಜೀಪಿನಲ್ಲೇ ಇದ್ದರು. ಸಾಹೇಬರಿಗೆ ಸಮಯವಿಲ್ಲ, ಉದ್ದಕ್ಕೂ ಓದುವುದಿಲ್ಲ, ಎಲ್ಲಕ್ಕಿಂತ ಹೆಚ್ಚು ಧೂಳಿನ ದಿನ ಎಲ್ಲಕ್ಕಿಂತ ಮೇಲೆ ಇರಬೇಕು ಎನ್ನುತ್ತಿದ್ದಾರೆ. ಕೈ ಹಾಕಬೇಡ, sort ಎಂಬ ಆದೇಶವಿದೆ, ಅದೇ ಸಾಲು ಹಚ್ಚುತ್ತದೆ. ಹೇಳಿದ ಹಾಗೆ ಹೊಡಿ.

ಹುಲುಗಪ್ಪ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಗಿಸಿಕೊಂಡು ಒಂದೊಂದೇ ಅಕ್ಷರ ಹೊಡೆದ. ಆದೇಶ ಹೊಡೆದ. ಫೈಲಿನ ಹೆಸರು ಹೊಡೆದ. ಒಂದು ಬಾಣ ಎಂದಾಗ ನಿಂತ.

"ಸರ, ಯಾವಾಗ್ಲೂ ಎರಡು ಬಾಣ ಅಂದಿದ್ರಿ."

"ಎರಡು ಹಾಕಿದ್ರ ಹಳೇದರ ಕೆಳಗ ಮತ್ತ ಅದನ್ನ ಹಚ್ಚತೈತಿ. ಒಂದ ಅಂಕಿ ಎರಡೆರಡು ಸಲ ಬರ್ತಾವ. ಸಾಹೇಬ್ರು ಮತ್ತ ವಾಪಸ್ ಹೋಗ್ತಾರ. ಒಂದು ಹಾಕು."

"ಬಾಣದ ಮುಂದ ಯಾವ ಹೆಸರ್ರಿ?"

"ಅದ ಹೆಸರು. ಒಂದ ಫೈಲು ಇರಬೇಕು ಅಂದಾರಿಲ್ಲ? ಎರಡಿದ್ರ ಯಾವುದು ಖರೇ ಅಂತ ಪಂಪನಗೌಡ ಕೇಳ್ತಾನ. ನಿನಗ ಯಾಕ ಬೇಕು, ಹೇಳಿದಂಗ ಹೊಡಿ."

ಹುಲುಗಪ್ಪ ಹೇಳಿದ ಹಾಗೆ ಹೊಡೆದ.

sort -nr lekka > lekka

ಯಂತ್ರ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಕೆಲಸ ಆಗಿದೆ ಎಂದು ತಿಳಿ ಎಂದು ಮಾಸ್ತರೇ ಕಲಿಸಿದ್ದರು. ಹುಲುಗಪ್ಪ ಆಯ್ತ್ರಿ ಅಂದ.

ಜೀಪು ಬಂತು. ಪಂಪನಗೌಡ ತನ್ನ ಜಾಗದಲ್ಲಿ, ಬಾಗಿಲಿಗೆ ಒರಗಿ ನಿಂತ. ಸಾಹೇಬರು ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದರು. ಮಾಸ್ತರು ಫೈಲು ತೆರೆದರು. ಏನೂ ಇರಲಿಲ್ಲ. ಮುಚ್ಚಿ ತೆರೆದರು. ಏನೂ ಇರಲಿಲ್ಲ. ಫೈಲಿನ ಗಾತ್ರ ಎಷ್ಟು ಎಂದು ಕೇಳಿದರು. ಸೊನ್ನೆ ಎಂದು ಬಂತು.

ಸಾಹೇಬರು ಎದ್ದರು. ಪೆನ್ನು ತೆಗೆದು, ಅಳತೆಯಲ್ಲಿ ಧೂಳು ಕಂಡುಬಂದಿಲ್ಲ ಎಂದು ಬರೆದುಕೊಂಡರು. ಅದು ಸುಳ್ಳಲ್ಲ. ಹೊರಗೆ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು.

ಮಾಸ್ತರು ಹುಲುಗಪ್ಪನ ಕೆನ್ನೆಗೆ ಹೊಡೆದರು. ಎಲ್ಲರ ಮುಂದೆ ಹೊಡೆದರು. ಏನು ಒತ್ತಿದೆ, ಏನು ಕೆಡಿಸಿದೆ ಎಂದು ಕೇಳಿದರು. ಮೊದಲು ಸಾಲು ಹಚ್ಚಬೇಕು, ಆಮೇಲೆ ಹಚ್ಚಿದ್ದು ಫೈಲಿಗೆ ಹೋಗಬೇಕು, ಹೋಗದೆ ಎಲ್ಲಿ ಹೋಯಿತು? ಗಿರಣಿಗೆ ಜೋಳ ಹಾಕಿದರೆ ಹಿಟ್ಟು ಬರದೆ ಇದ್ದೀತೆ? ಎಲ್ಲರಿಗೂ ಹೌದೆನ್ನಿಸಿತು. ಹಾಗಾದರೆ ಪೆದ್ದನೇ ಏನೋ ಮಾಡಿರಬೇಕು. ಹನುಮವ್ವನೂ ಮುಖ ತಿರುಗಿಸಿದಳು. ಪಂಪನಗೌಡ ಮಾತ್ರ, ಹುಡುಗಗ ಬಡೀಬ್ಯಾಡ್ರಿ ಮಾಸ್ತರ, ಚೊಲೋ ಕೆಲಸ ಮಾಡ್ಯಾನ ಅಂದ.

ಗೋಡೆಗೆ ಒರಗಿದ್ದ ದುರುಗವ್ವ ಮಗನನ್ನು ಹತ್ತಿರ ಕರೆದಳು.

"ಹೇಳಿದಂಗ ಮಾಡಿದ್ಯಾ?"

"ಹೇಳಿದಂಗ ಮಾಡಿದೆವ್ವ."

ಅವಳು ನಂಬಿದಳು. ಇಪ್ಪತ್ತು ವರ್ಷ ಅದೇ ಅವಳ ಗೋಳಾಗಿತ್ತು. ನಂಬಿದವಳು ಅವಳೊಬ್ಬಳೇ.

ಮಳೆ ಹಿಡಿಯಿತು. ಮಳೆ ಬಿಡುವ ಮುಂಚೆ ದುರುಗವ್ವ ಸತ್ತಳು. ಅಂದು ಅಮಾವಾಸ್ಯೆಯಲ್ಲ, ಆದ್ದರಿಂದ ಕ್ರಷರು ನಿಲ್ಲಲಿಲ್ಲ. ಬೀಡಿ ಇರಬೇಕು ಎಂದು ಧಣಿಯ ಕಡೆಯವರು ಅಂದರು. ಹುಲುಗಪ್ಪನಿಗೆ ಯಾರೂ ಏನೂ ಹೇಳಲಿಲ್ಲವಾದ್ದರಿಂದ ಅವನು ಏನೂ ಮಾಡಲಿಲ್ಲ. ಸಂಜೆಯಾದರೆ ಶಾಲೆಗೆ ಹೋಗಿ, ಅವ್ವ ಕೂರುತ್ತಿದ್ದ ಜಾಗದ ಕಡೆ ನೋಡಿ, ಆ ದಿನದ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಕಂಪ್ಯೂಟರನ್ನು ವಾಪಸು ತೆಗೆದುಕೊಂಡು ಹೋದ ಮೇಲೂ ಹೋಗುತ್ತಿದ್ದ. ಆಗ ಗೋಡೆಯ ಮೇಲಿನ ಸೀಮೆಸುಣ್ಣದ ಗುರುತನ್ನು ಓದುತ್ತಿದ್ದ.

ಆ ವರ್ಷ ಮಾಸ್ತರು ಒಂದು ಮಧ್ಯಾಹ್ನ ತಮ್ಮ ಕಾಲೇಜಿನ ಕೋಣೆಯ ಬಾಗಿಲು ಹಾಕಿಕೊಂಡು, ಬೇಡದ ಒಂದು ಫೈಲು ಮಾಡಿ, ಅದರಲ್ಲಿ ಹತ್ತು ಅಂಕಿ ಬರೆದು, ಅದೇ ಸಾಲನ್ನು ಹೊಡೆದು ನೋಡಿದರು. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ಒಂದು ಬಾಣದ ಗುರುತು ಕಂಡರೆ ಶೆಲ್ ಮೊದಲು ಫೈಲನ್ನು ಖಾಲಿ ಮಾಡುತ್ತದೆ, ಕೆಲಸ ಶುರು ಮಾಡುವುದು ಆಮೇಲೆ.